ಕಲಕತ್ತೆಯ ಇಪ್ಪತ್ತನಾಲ್ಕು ನಿಮಿಷ

ಪುಣೆಯಿಂದ ಕಲಕತ್ತೆಗೆ ವಿಮಾನದ ದಾರಿ ಒಂಬೈನೂರ ಎಂಬತ್ತು ಮೈಲಿ. ನಮ್ಮ ಕಚೇರಿಯಲ್ಲಿ ಈ ಲೆಕ್ಕ ಮಾಡಿದವನು ನಾನು. ಅದರಲ್ಲಿ ನನಗೆ ಇವತ್ತಿಗೂ ಅನುಮಾನವಿಲ್ಲ. ನಾನು ಎಡವಿದ್ದು ಹೊತ್ತಿನ ಲೆಕ್ಕದಲ್ಲಿ. ಅಷ್ಟು ದೂರ ಹಾರಲು ಎಷ್ಟು ಹೊತ್ತು ಬೇಕೆಂದು ಹೇಳುವಾಗ ಇಪ್ಪತ್ತನಾಲ್ಕು ನಿಮಿಷ ತಪ್ಪಿದೆ. ಆ ತಪ್ಪನ್ನು ಇನ್ನೊಬ್ಬರ ಸಹಿಯ ಹಿಂದೆ ಬಚ್ಚಿಟ್ಟೆ. ಮೊದಲನೆಯದನ್ನು ಯಾರಿಗಾದರೂ ನಗುತ್ತ ಹೇಳಬಲ್ಲೆ. ಎರಡನೆಯದು ನೆನಪಾದರೆ ಮನೆಯಲ್ಲಿ ಒಬ್ಬನೇ ಕೂತಿದ್ದರೂ ಮುಖ ಬಿಸಿಯಾಗುತ್ತದೆ.

ಯುದ್ಧ ಮುಗಿದ ಮರುವರ್ಷದ ಮಾತು. ಸೈನ್ಯಕ್ಕೆ ಬೇಡವಾದ ಡಕೋಟಾ ವಿಮಾನಗಳನ್ನು ಕೊಂಡು ಅಲ್ಲಲ್ಲಿ ಸಣ್ಣ ಸಣ್ಣ ಕಂಪನಿಗಳು ಹುಟ್ಟಿದ್ದವು. ನಾನಿದ್ದುದು ಅಂಥದೊಂದರಲ್ಲಿ. ವಿಮಾನಗಳು ಮೂರು, ಕಚೇರಿ ಪುಣೆ ಕ್ಯಾಂಪಿನ ಒಂದು ಹಳೆಯ ಬಂಗಲೆ. ಮುಂದಿನ ಹಜಾರದಲ್ಲಿ ಮ್ಯಾನೇಜರು ಮತ್ತು ಟೈಪು ಮಾಡುವವರು, ಹಿಂದಿನ ಕೋಣೆಯಲ್ಲಿ ಲೆಕ್ಕದವರಾದ ನಾವಿಬ್ಬರು. ನಾನು ಧಾರವಾಡದ ಕಡೆಯವನು, ಗಣಿತದಲ್ಲಿ ಪದವಿ ಪಡೆದು ಆಗಷ್ಟೇ ಬಂದವನು. ಇನ್ನೊಬ್ಬರು ಬೆಳಗಾವಿಯವರು, ನನ್ನ ತಂದೆಯ ವಯಸ್ಸಿನವರು. ಅವರನ್ನು ಇಲ್ಲಿ ರಾಯರು ಎಂದಷ್ಟೇ ಕರೆಯುತ್ತೇನೆ.

ರಾಯರು ಮೂವತ್ತು ವರ್ಷ ರೈಲ್ವೆಯಲ್ಲಿ ಗಾಡಿಗಳ ವೇಳಾಪಟ್ಟಿ ತಾಳೆ ನೋಡಿ ನಿವೃತ್ತರಾದವರು. ಅವರು ಸಹಿ ಮಾಡಿದ ಪಟ್ಟಿಯಲ್ಲಿ ಒಂದು ನಿಮಿಷವೂ ತಪ್ಪಿರಲಿಲ್ಲವೆಂದು ಪುಣೆ ಸ್ಟೇಷನ್ನಿನ ಹಳಬರೆಲ್ಲ ಹೇಳುತ್ತಿದ್ದರು. ಅವರು ಮಾತ್ರ ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಯಾರಾದರೂ ಹೇಳಿದಾಗ ಟೋಪಿ ಸರಿಮಾಡಿಕೊಳ್ಳುತ್ತಿದ್ದರು, ಅಷ್ಟೆ. ಅವರಿಗೆ ಬೇರೆ ಆಸ್ತಿಯಿರಲಿಲ್ಲ. ಇದ್ದದ್ದು ಆ ಹೆಸರೊಂದೇ. ಕಂಪನಿಯವರು ಅವರನ್ನು ಕರೆತಂದದ್ದೂ ಆ ಹೆಸರು ನೋಡಿಯೇ.

ಬಾಗಿಲು ಮುಚ್ಚಿದ್ದರೆ ನಮ್ಮ ಕೋಣೆಯಲ್ಲಿ ಕನ್ನಡ, ತೆರೆದರೆ ಮರಾಠಿ. ಅವರು ನನ್ನನ್ನು ‘ತಮ್ಮಾ’ ಎಂದೇ ಕರೆಯುತ್ತಿದ್ದರು. ಮಧ್ಯಾಹ್ನ ಅವರ ಡಬ್ಬಿಯ ಭಕ್ರಿಯಲ್ಲಿ ಅರ್ಧ ನನಗೆ ಬರುತ್ತಿತ್ತು. ಬೇಡವೆಂದರೆ ಸಿಟ್ಟಾಗುತ್ತಿದ್ದರು.

ಆ ಭಾದ್ರಪದದಲ್ಲಿ ಮ್ಯಾನೇಜರು ನಮ್ಮಿಬ್ಬರನ್ನೂ ಕರೆದು ಹೊಸ ಕೆಲಸ ಕೊಟ್ಟರು. ಕಲಕತ್ತೆಯ ಹಾರಾಟಕ್ಕೆ ಅಲ್ಲಿಯ ತನಕ ಅಂದಾಜಿನ ಮೇಲೆ ಪೆಟ್ರೋಲು ತುಂಬುತ್ತಿದ್ದರು. ಆರೂಮುಕ್ಕಾಲು ಗಂಟೆಯ ಹಾರಾಟವೆಂದು ಹಿಡಿದು, ಅದರ ಮೇಲೆ ಮುಕ್ಕಾಲು ಗಂಟೆಯ ಪೆಟ್ರೋಲು ಆಪತ್ತಿಗೆಂದು ಹೆಚ್ಚಿಗೆ. ಸರಿಯಾದ ಹೊತ್ತು ಗೊತ್ತಾದರೆ ಅಷ್ಟು ಹೊರಬೇಕಾಗಿಲ್ಲ ಎಂಬುದು ಮ್ಯಾನೇಜರ ಮಾತು. ಇಪ್ಪತ್ತು ಇಪ್ಪತ್ತೈದು ನಿಮಿಷದ ಪೆಟ್ರೋಲಿನ ತೂಕವೆಂದರೆ ಒಬ್ಬ ಪ್ರಯಾಣಿಕ ಮತ್ತು ಅವನ ಟ್ರಂಕು. ಒಂದೊಂದು ಸಲಕ್ಕೂ ಒಬ್ಬೊಬ್ಬನನ್ನು ಹೆಚ್ಚಿಗೆ ಕೂರಿಸಬಹುದು. ಆಪತ್ತಿನ ಮುಕ್ಕಾಲು ಗಂಟೆಯನ್ನು ಮುಟ್ಟಬಾರದು, ಹಾರಾಟದ ಹೊತ್ತನ್ನು ಮಾತ್ರ ನಿಖರವಾಗಿ ಹೇಳಿ ಎಂದರು.

ಮೊದಲು ದೂರ. ಭೂಮಿ ಗುಂಡಗಿರುವುದರಿಂದ ನಕಾಶೆಯ ಮೇಲೆ ಕಟ್ಟಿಗೆಪಟ್ಟಿ ಇಟ್ಟು ಅಳೆದರೆ ಸಾಲದು. ಎರಡು ನಿಲ್ದಾಣಗಳ ಅಕ್ಷಾಂಶ ರೇಖಾಂಶ ಬರೆದುಕೊಂಡು, ಉತ್ತರ ಧ್ರುವವನ್ನು ಮೂರನೆಯ ಮೂಲೆಯೆಂದು ಹಿಡಿದು, ಗೋಳದ ಮೈಮೇಲೆ ಒಂದು ತ್ರಿಕೋನ ಕಟ್ಟಬೇಕು. ಎರಡು ಬದಿ, ನಡುವಿನ ಕೋನ ಗೊತ್ತು. ಮೂರನೆಯ ಬದಿ ತೆಗೆಯಬೇಕು. ಲಾಗರಿದಮ್ಮಿನ ಕೋಷ್ಟಕಗಳಿರುವ ಲಾಗ್ ಪುಸ್ತಕದಿಂದ ಒಂದೊಂದೇ ಅಂಕಿ ತೆಗೆದು ಕೂಡಿಸಿ ಕಳೆದಾಗ ಹದಿನಾಲ್ಕು ಡಿಗ್ರಿಗಿಂತ ತುಸು ಹೆಚ್ಚು ಬಂತು. ಡಿಗ್ರಿಗೆ ಅರವತ್ತೊಂಬತ್ತು ಮೈಲಿಯಂತೆ ಗುಣಿಸಿದರೆ ಒಂಬೈನೂರ ಎಂಬತ್ತು. ರಾಯರು ಕೂಡಿಸಿ ಕಳೆದು ತಾಳೆ ನೋಡಿದರು. ಸರಿಯಿತ್ತು. ಅವತ್ತು ನನ್ನ ಬೆನ್ನು ತಟ್ಟಿದ್ದರು. ನಾನು ನೆಲದಿಂದ ಒಂದು ಗೇಣು ಮೇಲೆ ನಡೆಯುತ್ತಿದ್ದೆ.

ಆಮೇಲೆ ಹೊತ್ತು. ಇದನ್ನು ಲಾಗ್ ಪುಸ್ತಕ ಹೇಳುವುದಿಲ್ಲ. ಗಾಳಿ ಹಿಂದಿನಿಂದ ಬೀಸಿದರೆ ವಿಮಾನ ಬೇಗ ಮುಟ್ಟುತ್ತದೆ, ಎದುರಿನಿಂದ ಬೀಸಿದರೆ ತಡ. ಹಾಗಾಗಿ ಹಿಂದಿನ ಆರು ತಿಂಗಳ ಹಾರಾಟಗಳನ್ನೆಲ್ಲ ತೆಗೆದು ಸರಾಸರಿ ನೋಡುವುದೆಂದು ನಿಶ್ಚಯಿಸಿದೆವು. ಪುಣೆಯಲ್ಲಿ ವಿಮಾನ ಏರಿದ ಮತ್ತು ಇಳಿದ ವೇಳೆಯನ್ನು ನಮ್ಮದೇ ಮನುಷ್ಯ ನಿಲ್ದಾಣದಲ್ಲಿ ಕೂತು ಬರೆಯುತ್ತಿದ್ದ. ಕಲಕತ್ತೆಯ ವೇಳೆಯನ್ನು ಅಲ್ಲಿಯ ಏಜೆಂಟರು ತಾರಿನಲ್ಲಿ, ಅಂದರೆ ಟೆಲಿಗ್ರಾಮಿನಲ್ಲಿ, ತಿಳಿಸುತ್ತಿದ್ದರು. ತಾರುಗಳೆಲ್ಲ ಒಂದು ತಂತಿಗೆ ಚುಚ್ಚಿ ಇಟ್ಟಿದ್ದವು. ನಾಲ್ಕು ದಿನ ಕೂತು ಎಲ್ಲವನ್ನೂ ಹಾಳೆಗೆ ಇಳಿಸಿದೆ.

ಇಲ್ಲಿಯೇ ನನ್ನ ಜಾಣತನ ಬಾಲ ಬಿಚ್ಚಿತು. ಆಗ ದೇಶಕ್ಕೆಲ್ಲ ಒಂದೇ ಗಡಿಯಾರವಿರಲಿಲ್ಲ. ರೈಲು, ತಾರು, ಸರಕಾರಿ ಕೆಲಸಗಳಿಗೆ ಸ್ಟ್ಯಾಂಡರ್ಡ್ ವೇಳೆ, ನಮ್ಮ ಪುಣೆಯ ಕಚೇರಿಗೂ ಅದೇ. ಆದರೆ ಮುಂಬೈ ಊರಿನ ಜನ ಅದಕ್ಕಿಂತ ಮೂವತ್ತೊಂಬತ್ತು ನಿಮಿಷ ಹಿಂದಿನ ತಮ್ಮದೇ ವೇಳೆಯಲ್ಲಿ ಬದುಕುತ್ತಿದ್ದರು, ಕಲಕತ್ತೆಯವರು ಇಪ್ಪತ್ತನಾಲ್ಕು ನಿಮಿಷ ಮುಂದಿನ ತಮ್ಮ ವೇಳೆಯಲ್ಲಿ. ಇದು ಎಷ್ಟೋ ಜನರಿಗೆ ಗೊಂದಲದ ಸಂಗತಿ. ನನಗಲ್ಲ. ನನ್ನ ತಂದೆ ಊರಲ್ಲಿ ಪಂಚಾಂಗ ಗುಣಿಸುವವರು. ಸೂರ್ಯೋದಯಕ್ಕೆ, ತಿಥಿಗೆ, ಗ್ರಹಣಕ್ಕೆ ಊರಿಂದ ಊರಿಗೆ ದೇಶಾಂತರದ ನಿಮಿಷ ಕೂಡಿಸಿ ಕಳೆಯುವುದನ್ನು ನಾನು ಅವರ ಪಕ್ಕ ಕೂತು, ಮೀಸೆ ಮೂಡುವ ಮೊದಲೇ ಕಲಿತಿದ್ದೆ. ಕಲಕತ್ತೆಯ ತಾರುಗಳನ್ನು ನೋಡಿದ ಕೂಡಲೇ, ಇವು ಕಲಕತ್ತೆಯ ವೇಳೆ, ಇದರಲ್ಲಿ ಇಪ್ಪತ್ತನಾಲ್ಕು ನಿಮಿಷ ಕಳೆಯಬೇಕು ಎಂದು ಕೈ ತಾನಾಗಿಯೇ ಓಡಿತು. ಬೇರೆ ಯಾವ ಗುಮಾಸ್ತನೂ ಇದನ್ನು ಹಿಡಿಯುತ್ತಿರಲಿಲ್ಲ ಎಂದು ಒಳಗೊಳಗೇ ಹಿಗ್ಗಿದೆ. ತಾರಿನಲ್ಲಿ ಬಂದ ಅಂಕಿ ಮೊದಲೇ ಸ್ಟ್ಯಾಂಡರ್ಡ್ ವೇಳೆಯಲ್ಲಿ ಇರಬಹುದೆಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಏನೂ ತಿಳಿಯದ ಗುಮಾಸ್ತನೊಬ್ಬ ಇದ್ದದ್ದನ್ನು ಇದ್ದಂತೆ ಬರೆದುಕೊಂಡು ಸರಿಯಾದ ಉತ್ತರ ತೆಗೆಯುತ್ತಿದ್ದ.

ಕಲಕತ್ತೆಯಲ್ಲಿ ಇಳಿದ ವೇಳೆಯಿಂದ ಕಳೆದರೆ ಹೋಗುವ ಹೊತ್ತು ಕುಗ್ಗುತ್ತದೆ, ಅಲ್ಲಿಂದ ಏರಿದ ವೇಳೆಯಿಂದ ಕಳೆದರೆ ಬರುವ ಹೊತ್ತು ಹಿಗ್ಗುತ್ತದೆ. ಕಳೆದಾಗ ಬಂದದ್ದು ಹೀಗೆ: ಪುಣೆಯಿಂದ ಕಲಕತ್ತೆಗೆ ಆರು ಗಂಟೆ ಐದು ನಿಮಿಷ, ಕಲಕತ್ತೆಯಿಂದ ಪುಣೆಗೆ ಏಳು ಗಂಟೆ ಐದು ನಿಮಿಷ. ಒಂದು ಗಂಟೆಯ ಅಂತರ. ಪಶ್ಚಿಮದ ಗಾಳಿ ಹೋಗುವಾಗ ತಳ್ಳುತ್ತದೆ, ಬರುವಾಗ ತಡೆಯುತ್ತದೆ ಎಂದು ಹಾಳೆಯ ಕೆಳಗೆ ಒಂದು ಸಾಲು ವಿವರಣೆಯನ್ನೂ ಬರೆದೆ. ತಪ್ಪಿಗೆ ಗಾಳಿಯ ಅಂಗಿ ತೊಡಿಸಿದ್ದೆ. ಅಂಗಿ ಅಳತೆಗೆ ಸರಿಯಾಗಿಯೇ ಕೂತಿತ್ತು.

ರಾಯರು ಒಂದು ಇಡೀ ದಿನ ಹಾಳೆ ನೋಡಿದರು. ಕೂಡಿಸಿದ್ದು, ಕಳೆದದ್ದು, ಭಾಗಿಸಿದ್ದು ಎಲ್ಲ ಸರಿಯಿತ್ತು. ಸಂಜೆ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು ಆಷಾಢದ ಒಂದು ಹಾರಾಟದ ಮೇಲೆ ಬೆರಳಿಟ್ಟರು. ಅವತ್ತು ಹೋಗುವಾಗ ಉದ್ದಕ್ಕೂ ಗಾಳಿ ಎದುರಿಗಿತ್ತೆಂದು ಪೈಲಟ್ ಬರೆದಿದ್ದ. ಆದರೂ ನನ್ನ ಲೆಕ್ಕದಲ್ಲಿ ಅವನು ಬರುವಾಗಿನದಕ್ಕಿಂತ ಬೇಗ ಮುಟ್ಟಿದ್ದ.

“ಗಾಳಿ ಎದುರಿಗಿದ್ದಾಗನೂ ಬೇಗ ಹ್ಯಾಂಗ ಮುಟ್ಟತದ, ತಮ್ಮಾ?” ಎಂದರು. “ಕಲಕತ್ತಾದವರು ಯಾವ ಗಡಿಯಾರ ನೋಡಿ ತಾರು ಕೊಡತಾರ, ಕೇಳೀಯೇನು?”

ಕೇಳುವುದೇನಿದೆ, ಕಲಕತ್ತೆಯಲ್ಲಿ ಕಲಕತ್ತೆಯ ವೇಳೆ ಎಂದೆ. ತಾರು ಆಫೀಸು ನಡೆಯುವುದು ಸ್ಟ್ಯಾಂಡರ್ಡ್ ವೇಳೆಯ ಮೇಲೆ, ತಾರು ಕೊಡಲು ಹೋದವನು ಅಲ್ಲಿಯ ಗಡಿಯಾರಕ್ಕೆ ತನ್ನದನ್ನು ಕೂಡಿಸಿಕೊಂಡಿರಬಹುದು ಎಂದರು. ನೆಲದ ಗಾಳಿ ಬೇರೆ, ಮೇಲಿನ ಗಾಳಿ ಬೇರೆ ಎಂದು ನಾನು ಪಾಠ ಹೇಳಿದೆ. ಮೂವತ್ತು ವರ್ಷ ರೈಲಿನ ನಿಮಿಷ ಎಣಿಸಿದವರಿಗೆ ಗಾಳಿಯ ಪಾಠ. ಅವರು ವಾದಿಸಲಿಲ್ಲ. ಒಂದು ತಾರು ಕಳಿಸಿ ಕೇಳಿಬಿಡು ಎಂದರು.

ಅವರದೊಂದು ಪದ್ಧತಿಯಿತ್ತು, ರೈಲ್ವೆಯಿಂದ ತಂದದ್ದು. ತಾಳೆ ನೋಡುವವನಿಗೆ ಅನುಮಾನ ಬಂದರೆ ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಪ್ರಶ್ನೆ ಬರೆಯಬೇಕು. ಉತ್ತರ ಸಿಕ್ಕ ಮೇಲೆ ಬರೆದವನೇ ಅದನ್ನು ರಬ್ಬರಿನಿಂದ ಅಳಿಸಬೇಕು, ಇನ್ನೊಬ್ಬರು ಮುಟ್ಟುವಂತಿಲ್ಲ. ಮಸಿಯ ಸಹಿ ಇದ್ದು ಪೆನ್ಸಿಲ್ ಇಲ್ಲದ ಹಾಳೆ ಮಾತ್ರ ಟೈಪಿಗೆ ಹೋಗಬೇಕು. ಮ್ಯಾನೇಜರಿಗೂ ಈ ಪದ್ಧತಿ ಗೊತ್ತಿತ್ತು.

ಮರುದಿನ ರಾಯರು ತಂದೆಯ ಶ್ರಾದ್ಧಕ್ಕೆಂದು ಬೆಳಗಾವಿಗೆ ಹೋಗುವವರಿದ್ದರು. ಪಕ್ಷಮಾಸದ ದಿನಗಳು. ಮ್ಯಾನೇಜರು ಹಾರಾಟದ ಹೊತ್ತಿನ ಪಟ್ಟಿಗಾಗಿ ಎರಡು ಸಲ ಬಾಗಿಲಿಗೆ ಬಂದು ಹೋಗಿದ್ದರು. ಅಂಕಗಣಿತದ ಮಟ್ಟಿಗೆ ರಾಯರು ಮಸಿಯಲ್ಲಿ ಸಹಿ ಹಾಕಿದರು. ಕಲಕತ್ತೆಯ ಕಾಲಮ್ಮಿನ ಪಕ್ಕದಲ್ಲಿ ಪೆನ್ಸಿಲಿನಿಂದ, ಕನ್ನಡದಲ್ಲಿ, ‘ಯಾವ ವೇಳೆ? ಕೇಳಬೇಕು’ ಎಂದು ಬರೆದರು. ಆಮೇಲೆ ತಮ್ಮ ಪದ್ಧತಿಯನ್ನು ತಾವೇ ಮುರಿದರು.

“ಉತ್ತರ ಬಂದಿಂದ ನೀನ ಅಳಿಸು, ನನ್ನ ಸಲುವಾಗಿ ಕೆಲಸ ನಿಲ್ಲೂದು ಬ್ಯಾಡ” ಎಂದರು. “ನೀ ಅಳಿಸಿದ್ರ ನಾ ಅಳಿಸಿದ್ಹಂಗ.”

ನಾನು ತಾರು ಕಳಿಸಲಿಲ್ಲ. ಕಳಿಸಲು ಎರಡು ಸಲ ಫಾರ್ಮು ಕೈಗೆ ತೆಗೆದುಕೊಂಡೆ. ಫಾರ್ಮಿಗೆ ಮ್ಯಾನೇಜರ ಸಹಿ ಬೇಕು. ಏನು ಕೇಳುತ್ತಿದ್ದೀಯ ಎಂದು ಅವರು ಕೇಳಿದರೆ, ಇಷ್ಟು ದಿನ ಹೊಗಳಿಸಿಕೊಂಡ ಲೆಕ್ಕದ ಬುಡವೇ ನನಗೆ ಗೊತ್ತಿಲ್ಲವೆಂದು ಒಪ್ಪಿಕೊಂಡಂತೆ. ಪಂಚಾಂಗದವರ ಮಗ ಕಲಕತ್ತೆಯ ಹೊತ್ತು ಕಲಕತ್ತೆಯವರನ್ನೇ ಕೇಳುವುದೆ ಎಂಬ ಹಮ್ಮು ಬೇರೆ. ಮೂರನೆಯ ದಿನ ಮ್ಯಾನೇಜರು ಬಂದು ಮೇಜಿನ ಪಕ್ಕ ನಿಂತುಬಿಟ್ಟರು. ಅಂಚಿನಲ್ಲಿದ್ದ ಪೆನ್ಸಿಲಿನ ಕನ್ನಡ ಅಕ್ಷರ ನೋಡಿ, ಇದೇನು ಉಳಿದಿದೆ ಎಂದರು. ಏನಿಲ್ಲ, ಬಗೆಹರಿದಿದೆ, ಅಳಿಸುವುದೊಂದು ಬಾಕಿ ಎಂದೆ. ಅವರ ಎದುರಿಗೇ ರಬ್ಬರು ತೆಗೆದುಕೊಂಡು ಅಳಿಸಿದೆ. ರಾಯರು ಒತ್ತಿ ಬರೆಯುವವರು, ಕಾಗದ ಅಲ್ಲಿ ಸ್ವಲ್ಪ ಜುಂಗು ಜುಂಗಾಯಿತು. ಉಗುರಿನಿಂದ ತೀಡಿ ಸರಿಮಾಡಿ ಕೊಟ್ಟೆ.

ಐದು ದಿನ ಬಿಟ್ಟು ಬಂದ ರಾಯರು ಟೈಪಾದ ಪಟ್ಟಿ ಗೋಡೆಯ ಮೇಲಿರುವುದನ್ನು ನೋಡಿದರು. ತಾರಿನ ವಿಷಯ ಕೇಳುತ್ತಾರೆಂದು ನಾನು ಸುಳ್ಳು ಸಿದ್ಧಮಾಡಿಕೊಂಡು ಕೂತಿದ್ದೆ. ಅವರು ಕೇಳಲಿಲ್ಲ. ಪಟ್ಟಿ ಹೋಗಿದೆಯೆಂದರೆ ಉತ್ತರ ಬಂದಿದೆ ಎಂದೇ ಅವರ ಲೆಕ್ಕ. ಊರಿನಿಂದ ತಂದ ಕುಂದಾ ಕೈಯಲ್ಲಿಟ್ಟರು. ತಿಂದೆ.

ಮೊದಲ ನಾಲ್ಕು ಹಾರಾಟ ಏನೂ ಆಗಲಿಲ್ಲ. ಗಾಳಿ ಒಳ್ಳೆಯದಿತ್ತು, ಆಪತ್ತಿನ ಮುಕ್ಕಾಲು ಗಂಟೆ ನನ್ನ ತಪ್ಪನ್ನು ನುಂಗಿಕೊಂಡಿತು. ಮ್ಯಾನೇಜರು ಪ್ರತಿ ಸಲವೂ ಒಬ್ಬ ಪ್ರಯಾಣಿಕನನ್ನು ಹೆಚ್ಚಿಗೆ ಕೂರಿಸಿ ಖುಷಿಯಲ್ಲಿದ್ದರು.

ಐದನೆಯದು ಆಶ್ವಯುಜದಲ್ಲಿ. ಬೆಳಿಗ್ಗೆ ಸರಿಯಾಗಿ ಏಳಕ್ಕೆ ಪುಣೆಯಿಂದ ಎದ್ದ ವಿಮಾನಕ್ಕೆ ಅರ್ಧ ದಾರಿಯಿಂದ ಎದುರು ಗಾಳಿ. ಕಲಕತ್ತೆಯ ಮೇಲೆ ಮಳೆ, ನೆಲ ಕಾಣುವ ತನಕ ಒಂದೆರಡು ಸುತ್ತು ಹಾಕಬೇಕಾಯಿತು. ಆರು ಗಂಟೆ ಐದು ನಿಮಿಷಕ್ಕೆ ಮುಗಿಯಬೇಕಾದ ಹಾರಾಟ ಆರು ಗಂಟೆ ನಲವತ್ತಾರು ನಿಮಿಷ ಹಿಡಿಯಿತು. ಆಪತ್ತಿನ ನಲವತ್ತೈದು ನಿಮಿಷದಲ್ಲಿ ನಲವತ್ತೊಂದು ಹೋಗಿತ್ತು. ವಿಮಾನ ಇಳಿದು ನಿಲ್ಲುವ ಜಾಗಕ್ಕೆ ಹೊರಳುತ್ತಿದ್ದಾಗ ಎಡಗಡೆಯ ಎಂಜಿನ್ ಪೆಟ್ರೋಲಿಲ್ಲದೆ ತಾನಾಗಿ ನಿಂತಿತು. ಒಳಗೆ ಇಪ್ಪತ್ತೊಂದು ಮಂದಿ. ಯಾಕೆ ನಿಂತಿತೆಂದು ಅವರಿಗೆ ತಿಳಿಯಲಿಲ್ಲವಂತೆ. ಕೊಡೆ ಬಿಚ್ಚಿಕೊಂಡು ಇಳಿದು ಹೋದರಂತೆ.

ಎರಡು ದಿನದ ಮೇಲೆ ಪೈಲಟ್ ನಮ್ಮ ಕಚೇರಿಗೆ ಬಂದ. ಯುದ್ಧದಲ್ಲಿ ಹಾರಿದವನು, ಕಡಿಮೆ ಮಾತಿನವನು. ಮ್ಯಾನೇಜರ ಮೇಜಿನ ಮೇಲೆ ತನ್ನ ಪುಸ್ತಕ ತೆರೆದಿಟ್ಟು, ಈ ಪಟ್ಟಿ ಮಾಡಿದವರನ್ನು ಕರೆಯಿರಿ ಎಂದನಂತೆ. ನಾವಿಬ್ಬರೂ ಹೋಗಿ ನಿಂತೆವು. ಅವನ ಕೈಗಡಿಯಾರ ಪುಣೆಯಲ್ಲಿ ಸ್ಟ್ಯಾಂಡರ್ಡ್ ವೇಳೆಗೆ ಇಟ್ಟದ್ದು. ಅದರ ಪ್ರಕಾರ ಕಲಕತ್ತೆಯಲ್ಲಿ ಚಕ್ರ ನೆಲ ಮುಟ್ಟಿದ್ದು ಒಂದು ಗಂಟೆ ನಲವತ್ತಾರಕ್ಕೆ. ಪಕ್ಕದಲ್ಲೇ ಅವತ್ತಿನ ಕಲಕತ್ತೆಯ ತಾರು ಇತ್ತು. ಅದರಲ್ಲಿಯೂ ಒಂದು ನಲವತ್ತಾರು. ನನ್ನ ಲೆಕ್ಕದಂತೆ ತಾರಿನಲ್ಲಿ ಎರಡು ಗಂಟೆ ಹತ್ತು ಎಂದಿರಬೇಕಿತ್ತು.

ಎರಡು ಅಂಕಿಗಳನ್ನು ಒಟ್ಟಿಗೆ ನೋಡಿದ ಕ್ಷಣದಲ್ಲೇ ಎಲ್ಲ ತಿಳಿಯಿತು. ಅವರು ಮೊದಲಿನಿಂದಲೂ ಸ್ಟ್ಯಾಂಡರ್ಡ್ ವೇಳೆಯನ್ನೇ ಕಳಿಸುತ್ತಿದ್ದರು. ಇಲ್ಲದ ಇಪ್ಪತ್ತನಾಲ್ಕು ನಿಮಿಷವನ್ನು ನಾನು ಕಳೆದಿದ್ದೆ, ಅಷ್ಟು ಪೆಟ್ರೋಲನ್ನು ಇಪ್ಪತ್ತೊಂದು ಜನರ ಕೆಳಗಿನಿಂದ ಕಿತ್ತುಕೊಂಡಿದ್ದೆ.

ಮ್ಯಾನೇಜರು ಹಾಳೆಯನ್ನೂ ತಾರುಗಳ ಕಟ್ಟನ್ನೂ ತರಿಸಿದರು. ತಾಳೆ ನೋಡಿದವರ ಸಹಿಯ ಮೇಲೆ ಬೆರಳಿಟ್ಟು ರಾಯರನ್ನು ಮರಾಠಿಯಲ್ಲಿ ಕೇಳಿದರು: ಕಲಕತ್ತೆಯವರು ಯಾವ ವೇಳೆ ಕೊಡುತ್ತಾರೆಂದು ವಿಚಾರಿಸಿದ್ದಿರಾ? ಪೆನ್ಸಿಲಿನಲ್ಲಿ ಪ್ರಶ್ನೆ ಹಾಕಿದ್ದೆ ಎಂದರು ರಾಯರು. ಹಾಳೆಯಲ್ಲಿ ಪೆನ್ಸಿಲ್ ಇರಲಿಲ್ಲ. ಇಲ್ಲವೆಂದರೆ ಉತ್ತರ ಬಂದಿರಬೇಕಲ್ಲ, ಎಲ್ಲಿದೆ ಎಂದರು ಮ್ಯಾನೇಜರು.

ರಾಯರು ನನ್ನ ಕಡೆ ತಿರುಗಿದರು. ಆ ಕೋಣೆಯಲ್ಲಿ ಇನ್ಯಾರಿಗೂ ತಿಳಿಯದ ಕನ್ನಡದಲ್ಲಿ, ಸಾವಕಾಶವಾಗಿ, ಡಬ್ಬಿ ಬಿಚ್ಚುವಾಗ ಮಾತಾಡುವ ದನಿಯಲ್ಲೇ ಕೇಳಿದರು.

“ತಾರಿಗೆ ಉತ್ತರ ಏನ ಬಂದಿತ್ತು, ತಮ್ಮಾ?”

ಹೇಳಬಹುದಿತ್ತು. ಕನ್ನಡದಲ್ಲಿ ನನ್ನ ತಪ್ಪನ್ನು ಅವರೊಬ್ಬರಿಗೆ ಹೇಳಿಬಿಟ್ಟು, ಮರಾಠಿಯಲ್ಲಿ ಅದನ್ನು ಹೇಗೆ ಇಡಬೇಕೆಂದು ಅವರಿಗೇ ಬಿಡಬಹುದಿತ್ತು. ಅಷ್ಟು ಜಾಗ ಮಾಡಿಕೊಟ್ಟಿದ್ದರು. ನಾನು ತಾರುಗಳ ಕಟ್ಟನ್ನು ಎಳೆದುಕೊಂಡು ಹುಡುಕುವವನಂತೆ ಮಗುಚತೊಡಗಿದೆ. ಇಲ್ಲದ ತಾರನ್ನು ಹುಡುಕುತ್ತಿದ್ದೇನೆಂದು ನನಗೆ ಗೊತ್ತಿತ್ತು. ಕಟ್ಟಿನ ಕೊನೆಗೆ ಬಂದು ಮತ್ತೆ ಮೊದಲಿನಿಂದ ಮಗುಚಿದೆ.

ರಾಯರು ಎರಡನೆಯ ಸಲ ಮುಗಿಯುವ ತನಕ ಕಾದರು. ಹಾಳೆಯ ಅಂಚನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದರು. ಆಮೇಲೆ ಮ್ಯಾನೇಜರ ಕಡೆ ತಿರುಗಿ ಮರಾಠಿಯಲ್ಲಿ, ಸಹಿ ನನ್ನದು, ಉತ್ತರವನ್ನು ಕಣ್ಣಾರೆ ನೋಡದೆ ಪಟ್ಟಿ ಹೋಗಲು ಬಿಡಬಾರದಿತ್ತು ಎಂದರು. ಅಷ್ಟೇ ಹೇಳಿದರು.

ಕಾಗದಪತ್ರ ಇತ್ಯರ್ಥವಾಗುವ ತನಕ ಮನೆಯಲ್ಲಿರಿ ಎಂದು ಮ್ಯಾನೇಜರು ಅವರಿಗೆ ಹೇಳಿದರು. ಇಷ್ಟು ವಯಸ್ಸಾದ ಮೇಲೆ ಕಣ್ಣು ಜಾರುತ್ತದೆ ಎಂದು ಪೈಲಟ್ ಎದುರಿಗೇ ಒಂದು ಮಾತು ಸೇರಿಸಿದರು. ರಾಯರು ಕೋಣೆಗೆ ಬಂದು ತಮ್ಮ ಲಾಗ್ ಪುಸ್ತಕವನ್ನು ವಸ್ತ್ರದಲ್ಲಿ ಸುತ್ತಿಕೊಂಡರು. ಪಟ್ಟಿಯನ್ನು ಹೊಸದಾಗಿ ಮಾಡಬೇಕಾಗುತ್ತದೆ, ಈಗಲೇ ಶುರು ಮಾಡು ಎಂದು ನನಗೆ ಹೇಳಿ ಹೋದರು. ಅವರ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಅವರು ಗೇಟಿನ ಆಚೆ ಹೋಗುವ ತನಕ ಪೆನ್ಸಿಲು ಚೂಪು ಮಾಡುತ್ತ ಕೂತೆ.

ಎರಡು ದಿನ ನಾನು ಕೆಲಸ ಮಾಡಿದೆ. ಮೊದಲ ದಿನವೇ ಕಲಕತ್ತೆಗೆ ತಾರು ಕಳಿಸಿದೆ. ಮರುದಿನ ಬೆಳಿಗ್ಗೆ ಉತ್ತರ ಬಂತು: ಮೊದಲಿನಿಂದಲೂ ಸ್ಟ್ಯಾಂಡರ್ಡ್ ವೇಳೆ. ನಾಲ್ಕೈದು ಶಬ್ದ. ಇಷ್ಟಕ್ಕೆ ಬೇಕಾದದ್ದು ಒಂದು ದಿನ. ಕಲಕತ್ತೆಯ ವೇಳೆಗಳಿಗೆ ಇಪ್ಪತ್ತನಾಲ್ಕು ನಿಮಿಷ ವಾಪಸು ಸೇರಿಸಿದಾಗ ಹೋಗಲು ಆರು ಗಂಟೆ ಇಪ್ಪತ್ತೊಂಬತ್ತು ನಿಮಿಷ, ಬರಲು ಆರು ಗಂಟೆ ನಲವತ್ತೊಂದು ನಿಮಿಷ ಬಂತು. ಒಂದು ಗಂಟೆಯಿದ್ದ ಗಾಳಿಯ ಅಂತರ ಹನ್ನೆರಡು ನಿಮಿಷಕ್ಕೆ ಇಳಿದಿತ್ತು. ಆಷಾಢದ ಆ ಹಾರಾಟವೂ ಈಗ ಗಾಳಿಗೆ ತಕ್ಕಂತೆ ತಡವಾಗಿಯೇ ಮುಟ್ಟಿತು. ರಾಯರು ಬೆರಳಿಟ್ಟು ತೋರಿಸಿದ್ದು ಅದನ್ನೇ.

ಮಾತಿಗೆ ಸಿಕ್ಕವರೆಲ್ಲ ರಾಯರ ವಿಷಯ ಎತ್ತುತ್ತಿದ್ದರು. ಟೈಪು ಮಾಡುವವನು, ಪಾಪ ಮುದುಕರು, ಮೂವತ್ತು ವರ್ಷ ಕಾಪಾಡಿಕೊಂಡದ್ದು ಒಂದು ಪಟ್ಟಿಯಲ್ಲಿ ಹೋಯಿತು ಎಂದ. ನಾನು ಹೌದೆಂಬಂತೆ ತಲೆ ಆಡಿಸಿದೆ. ಇದನ್ನು ಬರೆಯಲು ನನಗೆ ಬಹಳ ಕಷ್ಟವಾಗುತ್ತಿದೆ, ಆದರೆ ಆಡಿಸಿದ್ದು ನಿಜ. ಮಧ್ಯಾಹ್ನ ಇರಾಣಿಯ ಅಂಗಡಿಗೆ ಹೋಗಿ ಚಹಾದ ಜೊತೆ ಬನ್ ತಿಂದೆ. ಗಂಟಲಲ್ಲಿ ಇಳಿಯಲಿಲ್ಲವೆಂದು ಹೇಳಿದರೆ ಚೆನ್ನಾಗಿರುತ್ತಿತ್ತು. ಇಳಿಯಿತು. ಹೆದರಿದ ಮನುಷ್ಯನಿಗೂ ಹಸಿವಾಗುತ್ತದೆ.

ಮೂರನೆಯ ದಿನ ಮ್ಯಾನೇಜರು ಮೇಲಿನವರಿಗೆ ಕಳಿಸುವ ವರದಿಯನ್ನು ಟೈಪು ಮಾಡಿಸಿ, ಲೆಕ್ಕ ಮಾಡಿದವನೆಂದು ನನ್ನ ಸಹಿ ಕೇಳಿದರು. ಒಂದೂವರೆ ಪುಟ. ನನ್ನ ಬಗ್ಗೆ ಕೆಟ್ಟದ್ದೇನೂ ಇರಲಿಲ್ಲ. ಹೊಸಬ, ಅನುಭವ ಕಡಿಮೆ, ತಾಳೆ ನೋಡುವವರನ್ನು ನಂಬಿದ್ದ ಎಂದಿತ್ತು. ಅದರ ಕೆಳಗೆ ಒಂದು ವಾಕ್ಯ: ತಾಳೆ ನೋಡಿದವರು ಯಾವ ಪ್ರಶ್ನೆಯನ್ನೂ ಎತ್ತದೆ ಹಾಳೆಯನ್ನು ಒಪ್ಪಿದರು. ಅಂಚಿನ ಪೆನ್ಸಿಲ್ ಅಕ್ಷರವನ್ನು ತಾವೇ ನೋಡಿದ್ದು ಮ್ಯಾನೇಜರಿಗೆ ಮರೆತಿತ್ತು, ಇಲ್ಲವೆ ಮರೆಯುವುದು ಅನುಕೂಲವಾಗಿತ್ತು.

ಅಲ್ಲಿಯ ತನಕ ನಾನು ಸುಮ್ಮನಿದ್ದೆ, ಅಷ್ಟೇ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಸುಮ್ಮನಿರುವುದಕ್ಕೆ ನೂರು ನೆಪ ಸಿಗುತ್ತವೆ. ಈ ವಾಕ್ಯದ ಕೆಳಗೆ ಸಹಿ ಹಾಕಲು ಒಂದೂ ಸಿಗಲಿಲ್ಲ. ಲೇಖನಿಯ ಮುಚ್ಚಳ ತೆಗೆದವನು ಮತ್ತೆ ಹಾಕಿದೆ. ಪ್ರಶ್ನೆ ಎತ್ತಿದ್ದರು, ಪೆನ್ಸಿಲಿನಲ್ಲಿ ಬರೆದಿದ್ದರು, ನಾನು ಅಳಿಸಿದೆ, ನಿಮ್ಮ ಎದುರಿಗೇ ಅಳಿಸಿದೆ ಎಂದೆ. ತಾರು ಕಳಿಸಿರಲಿಲ್ಲ ಎಂದೆ. ಮರಾಠಿ ತಡವರಿಸಿತು. ಅರ್ಧದಲ್ಲಿ ಕಣ್ಣಲ್ಲಿ ನೀರು ಬಂತು, ಅದಕ್ಕೂ ನಾಚಿಕೆಯಾಯಿತು.

ಮ್ಯಾನೇಜರು ಆಗ ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ, ಎಲ್ಲವೂ ಸರಿಯಾಗಿಯೇ ಇದ್ದವು. ನನ್ನನ್ನು ತೆಗೆದುಹಾಕುತ್ತಾರೆಂದು ನಿಂತಿದ್ದೆ. ಗೋಳದ ಲೆಕ್ಕ ಗೊತ್ತಿದ್ದವನು ಅಲ್ಲಿ ನಾನೊಬ್ಬನೇ, ಅದಕ್ಕೆ ಇಟ್ಟುಕೊಂಡರು. ವರದಿ ಹರಿದರು. ಹೋಗಿ ನೀನೇ ರಾಯರಿಗೆ ಹೇಳಿ ಕರೆದುಕೊಂಡು ಬಾ, ನನಗೆ ಆ ಮುಖ ಇಲ್ಲ ಎಂದರು.

ಸಂಜೆ ಸೈಕಲ್ ಹತ್ತಿ ಸದಾಶಿವ ಪೇಟೆಗೆ ಹೋದೆ. ರಾಯರು ಒಂದು ವಾಡೆಯ ಮೇಲಿನ ಎರಡು ಕೋಣೆಯಲ್ಲಿ ಇರುತ್ತಿದ್ದರು. ಕಿಟಕಿಯ ಪಕ್ಕ ಹಳೆಯ ರೈಲ್ವೆ ವೇಳಾಪಟ್ಟಿ ಹಿಡಿದು ಕೂತಿದ್ದರು. ಅವರ ಹೆಂಡತಿ ನನ್ನನ್ನು ನೋಡಿ, ಬಾರಪ್ಪಾ, ಎರಡು ದಿನದಿಂದ ನಿನ್ನ ದಾರಿ ನೋಡಲಿಕ್ಕೆ ಹತ್ತ್ಯಾರ ಎಂದು ಚಹಾಕ್ಕಿಡಲು ಒಳಗೆ ಹೋದರು. ದಾರಿ ನೋಡುತ್ತಿದ್ದರೆಂಬ ಮಾತೇ ನನಗೆ ಸಾಕಾಯಿತು. ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ.

“ಗೊತ್ತಿತ್ತು” ಎಂದರು. “ಅವತ್ತ ನೀ ಎರಡನೇ ಸಲ ತಾರು ಮಗಚಿದಾಗ ಗೊತ್ತಾತು.”

ಮತ್ತೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವರು ವೇಳಾಪಟ್ಟಿಯನ್ನು ಮಡಚಿ ಪಕ್ಕಕ್ಕಿಟ್ಟು ಕೇಳಿದರು.

“ವಿಮಾನದಾಗ ಎಷ್ಟ ಮಂದಿ ಇದ್ರು?”

“ಇಪ್ಪತ್ತೊಂದು ಮಂದಿ.”

ಅವರು ತಲೆ ತಗ್ಗಿಸಿದರು. ನನ್ನದೊಂದೇ ತಲೆ ತಗ್ಗಬೇಕಾದ ಕಡೆ ಅವರದೂ ತಗ್ಗಿತು. ನನ್ನ ಪದ್ಧತಿ ನಾನೇ ಮುರಿದೆ, ಅದಕ್ಕೆ ಆ ಮಂದಿಯ ಜೀವ ಪಣಕ್ಕಿಟ್ಟ ಪಾಪದಲ್ಲಿ ನನಗೂ ಪಾಲಿದೆ ಎಂದರು. ಚಹಾ ಬಂತು. ಇಬ್ಬರೂ ಕುಡಿದೆವು. ಮರುದಿನ ಬರುತ್ತೇನೆಂದು ಹೇಳಿ ಮೆಟ್ಟಿಲ ತನಕ ಬಂದು ಕಳಿಸಿಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತೆಂದು ಸೈಕಲ್ ಮೇಲೆ ಬರುವಾಗ ಎಷ್ಟೋ ಸಲ ಅಂದುಕೊಂಡೆ.

ಬಂದರು. ಮ್ಯಾನೇಜರು ಎದ್ದು ನಿಂತು ಕೈ ಮುಗಿದರು. ಪೈಲಟ್ ಒಂದು ದಿನ ಬಂದು ಅವರ ಕೈ ಕುಲುಕಿದ. ಹೆಸರು ಅವರಿಗೆ ವಾಪಸು ಬಂತು, ಕಚೇರಿಯ ಮಟ್ಟಿಗಂತೂ ಬಂತು. ಪುಣೆ ಸ್ಟೇಷನ್ನಿನ ಹಳಬರ ಕಿವಿಗೆ ಯಾವ ಕಥೆ ಮೊದಲು ಬಿತ್ತೋ ನನಗೆ ಗೊತ್ತಿಲ್ಲ.

ಹೊಸ ಪಟ್ಟಿಯ ಹಾಳೆಯನ್ನು, ಕಲಕತ್ತೆಯ ತಾರನ್ನೂ ಜೊತೆಗೆ ಟಾಚಣಿ ಚುಚ್ಚಿ, ತಾಳೆಗೆಂದು ಅವರ ಮುಂದಿಟ್ಟೆ. ಹಿಂದೆಲ್ಲ ನನ್ನ ಅಂಕಿಗಳ ಮೇಲೆ ಬೆರಳಾಡಿಸಿ ಕೂಡಿಸಿ ಕಳೆದದ್ದನ್ನು ನೋಡುತ್ತಿದ್ದರು. ತಾರುಗಳನ್ನು ನಾನು ಸರಿಯಾಗಿ ಇಳಿಸಿಕೊಂಡಿದ್ದೇನೆಂದು ನಂಬಿ ಅಲ್ಲಿಂದ ಮುಂದಕ್ಕೆ ಶುರುಮಾಡುತ್ತಿದ್ದರು. ಈಗ ನನ್ನ ಹಾಳೆಯನ್ನು ಬೋರಲು ಹಾಕಿ ಪಕ್ಕಕ್ಕೆ ಸರಿಸಿದರು. ತಾರಿನ ಕಟ್ಟು ಎಳೆದುಕೊಂಡು, ಬಿಳಿ ಹಾಳೆಯೊಂದನ್ನು ತೆಗೆದು ಮೊದಲ ಸಾಲಿನಿಂದ ಬರೆಯಲು ಕೂತರು.

“ನಾನೂ ಒಮ್ಮೆ ಮಾಡಿ ನೋಡತೀನ್ರಿ” ಎಂದರು. “ನೀವು ಕೂಡ್ರಿ.”

ತಮ್ಮಾ ಎನ್ನಲಿಲ್ಲ. ಸಿಟ್ಟಿನ ದನಿಯೂ ಅಲ್ಲ. ಹೊರಗಿನಿಂದ ಬಂದವರನ್ನು ಕೂರಿಸುವಾಗ ಹೇಳುವ ಹಾಗೆಯೇ, ಮರ್ಯಾದೆಯಿಂದ ಹೇಳಿದರು. ಅವರಿಗೆ ನಾಲ್ಕು ದಿನ ಹಿಡಿಯಿತು. ಉತ್ತರ ನನ್ನದೇ ಬಂತು. ಎರಡೂ ಹಾಳೆ ಅಕ್ಕಪಕ್ಕ ಇಟ್ಟು ನೋಡಿ ಸಹಿ ಹಾಕಿದರು.

ನಾನು ಆ ಕಂಪನಿಯಲ್ಲಿ ಆಮೇಲೆ ಎಂಟು ತಿಂಗಳಿದ್ದೆ. ಕರಾಚಿಗೆ, ಮದರಾಸಿಗೆ, ರಂಗೂನಿಗೆ ದೂರ ಮತ್ತು ಹೊತ್ತು ತೆಗೆದೆ. ಒಂದರಲ್ಲಿಯೂ ತಪ್ಪಲಿಲ್ಲ. ಡಬ್ಬಿಯ ಭಕ್ರಿಯಲ್ಲಿ ಅರ್ಧ ಮೊದಲಿನಂತೆಯೇ ನನಗೆ ಬರುತ್ತಿತ್ತು. ಪ್ರತಿ ಹಾಳೆಯನ್ನೂ ಅವರು ಬೋರಲು ಹಾಕಿ, ತಾವೇ ಮೊದಲಿನಿಂದ ಮಾಡುತ್ತಿದ್ದರು. ಅವರು ಮುಗಿಸುವ ತನಕ ನಾನು ಎದುರಿಗೆ ಕೂತು ಕಾಯುತ್ತಿದ್ದೆ.